ಎಕೋ ನಾರ್ಮಲ್, ಹಾಗಾದ್ರೆ ಹಾರ್ಟ್ ಅಟ್ಯಾಕ್ ಆಗಲ್ವಾ?

2025ರ ಜೂನ್ ತಿಂಗಳು ನೆನಪಿದೆಯಲ್ಲ? ಹಾಸನ ಜಿಲ್ಲೆಯಿಂದ ದಿನಬೆಳಗಾದ್ರೆ ಹೃದಯಾಘಾತದ ಸುದ್ದಿ. ಜುಲೈ ಹೊತ್ತಿಗೆ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದಲೇ ಜನರ ಸಾಲು. ಅವರಲ್ಲಿ ಬಹಳಷ್ಟು ಮಂದಿಗೆ ಎದೆನೋವೂ ಇರಲಿಲ್ಲ, ಏನೂ ಇರಲಿಲ್ಲ. ಸಕಲೇಶಪುರ, ಆಲೂರಿನ ಮನೆಗಳಲ್ಲೂ ಒಂದೇ ಮಾತು: ಒಂದು ಎಕೋ ಮಾಡಿಸಿಬಿಡೋಣ, ನಾರ್ಮಲ್ ಬಂದ್ರೆ ನೆಮ್ಮದಿ.

ಆ ನೆಮ್ಮದಿ ಎಷ್ಟು ಗಟ್ಟಿ ಅನ್ನೋದೇ ನನ್ನ ಪ್ರಶ್ನೆ.

ಎಕೋ ಅಂದ್ರೆ ಶಬ್ದದಿಂದ ತೆಗೆಯುವ ಚಿತ್ರ. ನಮ್ಮ ಕಿವಿಗೆ ಕೇಳಿಸದಷ್ಟು ಸೂಕ್ಷ್ಮ ಶಬ್ದವನ್ನು ಎದೆಯೊಳಗೆ ಬಿಟ್ಟು, ಅದು ಹೃದಯಕ್ಕೆ ತಾಗಿ ವಾಪಸ್ ಬರೋದನ್ನು ಯಂತ್ರ ಲೆಕ್ಕ ಹಾಕುತ್ತೆ. 1953ರಲ್ಲಿ ಸ್ವೀಡನ್ನಿನ ಇಂಗೆ ಎಡ್ಲರ್ ಮತ್ತು ಹೆಲ್ಮುಟ್ ಹರ್ಟ್ಜ್ ಇದನ್ನು ಮೊದಲು ಮಾಡಿದ್ದು ಹಡಗು ಕಟ್ಟುವ ಕಾರ್ಖಾನೆಯಿಂದ ಎರವಲು ತಂದ ಯಂತ್ರದಲ್ಲಿ! ಕಬ್ಬಿಣದಲ್ಲಿ ಬಿರುಕು ಹುಡುಕುವ ಯಂತ್ರ ಅದು. ಡಾಪ್ಲರ್ ಅಂತ ಇನ್ನೊಂದಿದೆ. ದೋಣಿಗಲ್ ತಿರುವಿನಲ್ಲಿ ನಿಂತವರಿಗೆ ಬಸ್ಸಿನ ಹಾರ್ನ್ ಹತ್ತಿರ ಬರುವಾಗ ಒಂದು ಥರ, ದೂರ ಹೋಗುವಾಗ ಇನ್ನೊಂದು ಥರ ಕೇಳಿಸುತ್ತಲ್ಲ, ಅದೇ ಲೆಕ್ಕದಲ್ಲಿ ರಕ್ತ ಯಾವ ಕಡೆ, ಎಷ್ಟು ವೇಗದಲ್ಲಿ ಹರಿಯುತ್ತಿದೆ, ಯಾವ ಕವಾಟ ಸೋರುತ್ತಿದೆ ಅಂತ ಗೊತ್ತಾಗುತ್ತೆ.

ರಿಪೋರ್ಟಿನಲ್ಲಿ ಇ.ಎಫ್. ಶೇಕಡಾ 60 ಅಂತ ಬರೆದಿರುತ್ತಾರೆ. ಜನ ಇದನ್ನು ಪರೀಕ್ಷೆಯ ಮಾರ್ಕ್ಸ್ ಅಂದುಕೊಂಡು 'ಅಯ್ಯೋ, ಬರೀ ಅರವತ್ತಾ?' ಅಂತ ಹೆದರುತ್ತಾರೆ. ಹೃದಯದಲ್ಲಿ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಪಾಲು ಹೊರಹೋಯ್ತು ಅನ್ನೋ ಲೆಕ್ಕ ಅದು. ಯಾರ ಹೃದಯವೂ ನೂರಕ್ಕೆ ನೂರು ಖಾಲಿಯಾಗಲ್ಲ. ಅರವತ್ತು ಚೆನ್ನಾಗಿಯೇ ಇದೆ.

ಈಗ ಸ್ಟ್ರೇನ್ ಎಕೋ ಬಂದಿದೆ. ಚಿತ್ರದಲ್ಲಿ ಕಾಣುವ ಸಣ್ಣ ಸಣ್ಣ ಚುಕ್ಕಿಗಳನ್ನು ಕಂಪ್ಯೂಟರ್ ಹಿಂಬಾಲಿಸಿ, ಹೃದಯದ ಸ್ನಾಯು ಉದ್ದಕ್ಕೆ ಎಷ್ಟು ಕುಗ್ಗುತ್ತೆ ಅಂತ ಅಳೆಯುತ್ತೆ. ಆರೋಗ್ಯವಂತರಲ್ಲಿ ಇದು ಸುಮಾರು ಶೇಕಡಾ 20. ಇ.ಎಫ್. ಇನ್ನೂ ಸರಿ ಇರುವಾಗಲೇ ಸ್ಟ್ರೇನ್ ಇಳಿಯಬಹುದು. ಕ್ಯಾನ್ಸರ್ ಔಷಧಿ ತೆಗೆದುಕೊಳ್ಳುವವರಿಗೆ ಇದರ ಉಪಯೋಗ ದೊಡ್ಡದು. ಹೃದಯ ಸೋಲುವ ಮೊದಲೇ ಸುಳಿವು ಸಿಗುತ್ತೆ.

ಆದ್ರೆ ನೋಡಿ, ಎಕೋ ತೋರಿಸೋದು ಪಂಪ್ ಹೇಗೆ ಓಡ್ತಿದೆ ಅನ್ನೋದನ್ನ. ಪಂಪಿಗೇ ರಕ್ತ ಕೊಡುವ ಸಣ್ಣ ನಾಳಗಳ ಒಳಗಿನ ಕೊಬ್ಬನ್ನಲ್ಲ. ನಾಳದಲ್ಲಿ ಅರ್ಧ ಅಡಚಣೆ ಇದ್ದರೂ ಮಲಗಿಸಿ ತೆಗೆದ ಎಕೋ ನಾರ್ಮಲ್ ಬರಬಹುದು. ಆ ಕೊಬ್ಬು ಒಡೆದು ರಕ್ತ ಹೆಪ್ಪುಗಟ್ಟಿದಾಗಲೇ ಅಟ್ಯಾಕ್. ಅದು ನಾಳೆಯೂ ಆಗಬಹುದು. ನಾರ್ಮಲ್ ಎಕೋವನ್ನು ಜೇಬಲ್ಲಿಟ್ಟುಕೊಂಡು ಬೀಡಿ ಹಚ್ಚುವವರಿಗೆ ಏನು ಹೇಳೋದು?

ಆಗ ಜಯದೇವ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಹಾಸನದ 24 ಸಾವುಗಳನ್ನು ಪರಿಶೀಲಿಸಿತು. ಅದರಲ್ಲಿ 4 ಹೃದಯಕ್ಕೆ ಸಂಬಂಧಿಸಿದ್ದೇ ಅಲ್ಲ. ಜಿಲ್ಲೆಯಲ್ಲಿ ಅಸಹಜ ಏರಿಕೆ ಇಲ್ಲ ಅಂದಿತು. ಕಾರಣಗಳ ಪಟ್ಟಿಯಲ್ಲಿದ್ದದ್ದು ಸಿಗರೇಟು, ಮದ್ಯ, ಶುಗರ್, ಬಿಪಿ. ಬಿಪಿ ನೋಡೋಕೆ ಮೈಸೂರಿಗೆ ಹೋಗಬೇಕಾ?

ಮಲೆನಾಡಿನವರ ನಿಜವಾದ ಸಮಸ್ಯೆ ದೂರ. ಮಳೆಗಾಲದಲ್ಲಿ ತೋಟದಿಂದ ರಸ್ತೆಗೆ ಬರೋದೇ ಅರ್ಧ ಗಂಟೆ. ಸಕಲೇಶಪುರದಿಂದ ಹಾಸನಕ್ಕೆ ಮತ್ತೆ 40 ಕಿಲೋಮೀಟರ್. ಎದೆ ಹಿಂಡಿ ಬೆವರು ಬಂದಾಗ ಮೊದಲು ಬೇಕಾಗಿರೋದು ಎಕೋ ಅಲ್ಲ, ಇಸಿಜಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಇರೋದು ಇದಕ್ಕೇ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ, ದೂರದಿಂದಲೇ ತಜ್ಞರ ಸಲಹೆ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತ.

ಹಾಗಾದ್ರೆ ಎಕೋ ಯಾರಿಗೆ? ದಿಣ್ಣೆ ಹತ್ತುವಾಗ ಹೊಸದಾಗಿ ಏದುಸಿರು ಬರುವವರಿಗೆ, ಕಾಲು ಊದಿದವರಿಗೆ, ಒಮ್ಮೆ ಅಟ್ಯಾಕ್ ಆದವರಿಗೆ. ಮತ್ತೆ, ಮನೆಯಲ್ಲಿ ಚಿಕ್ಕ ವಯಸ್ಸಿನವರು ಕಾರಣ ಗೊತ್ತಾಗದೆ ದಿಢೀರ್ ಸತ್ತಿದ್ದರೆ, ಅವರ ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು ತಪ್ಪದೆ ಮಾಡಿಸಲಿ. ಹೃದಯದ ಗೋಡೆ ದಪ್ಪವಾಗುವ ಕಾಯಿಲೆ ವಂಶದಲ್ಲಿ ಬರುತ್ತೆ. ಅದು ಎಕೋದಲ್ಲಿ ಕಾಣುತ್ತೆ.