ಮರಳಿ ಬಂದ ಕಿಲೋಗಳ ಲೆಕ್ಕ

ಡ್ಯಾನಿ ಕೇಹಿಲ್ ಅಮೆರಿಕದ ಒಕ್ಲಹೋಮಾದವರು, ಜಮೀನು ಅಳೆಯುವ ಸರ್ವೇಯರ್. 2009ರಲ್ಲಿ ‘ದಿ ಬಿಗ್ಗೆಸ್ಟ್ ಲೂಸರ್’ ಎಂಬ ತೂಕ ಇಳಿಸುವ ಟೀವಿ ಸ್ಪರ್ಧೆಗೆ ಹೋದಾಗ 195 ಕಿಲೋ ಇದ್ದರು. ಏಳು ತಿಂಗಳಲ್ಲಿ 87 ಕಿಲೋಗೆ ಇಳಿದು ಆ ವರ್ಷದ ವಿಜೇತರಾದರು. ಆದರೆ 2016ರ ಹೊತ್ತಿಗೆ ಅವರ ತೂಕ ಮತ್ತೆ 134 ಕಿಲೋ ಆಗಿತ್ತು.

ಜಿಮ್ ಬಿಟ್ಟರು, ಬಾಯಿ ಕಟ್ಟಲಿಲ್ಲ, ಅದಕ್ಕೇ ಹೀಗಾಯಿತು ಎಂದು ಯಾರಾದರೂ ಹೇಳಿಬಿಡಬಹುದು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಅದೇ ಸ್ಪರ್ಧೆಯ 14 ಮಂದಿಯನ್ನು ಆರು ವರ್ಷಗಳ ನಂತರ ಮತ್ತೆ ಕರೆಸಿ ಪರೀಕ್ಷಿಸಿದರು. ಸರಾಸರಿ 149 ಕಿಲೋದಿಂದ 91ಕ್ಕೆ ಇಳಿದಿದ್ದ ಅವರು ಪುನಃ 132ಕ್ಕೆ ಏರಿದ್ದರು. ಒಬ್ಬರನ್ನು ಬಿಟ್ಟು ಉಳಿದ 13 ಮಂದಿಗೂ ತೂಕ ಮರಳಿತ್ತು. ಬೆರಗು ಹುಟ್ಟಿಸಿದ್ದು ಇನ್ನೊಂದು ಲೆಕ್ಕ. ಸುಮ್ಮನೆ ಮಲಗಿದ್ದರೂ ಉಸಿರಾಟ, ಎದೆಬಡಿತ, ಮೈಬಿಸಿಗೆಂದು ದೇಹ ಒಂದಿಷ್ಟು ಶಕ್ತಿಯನ್ನು ಸುಡುತ್ತಲೇ ಇರುತ್ತದೆ. ಅಷ್ಟೇ ತೂಕದ, ಅಷ್ಟೇ ವಯಸ್ಸಿನ ಬೇರೆಯವರಲ್ಲಿ ಇರಬೇಕಾದ ಖರ್ಚಿಗಿಂತ ಇವರ ಖರ್ಚು ದಿನಕ್ಕೆ ಸುಮಾರು 500 ಕ್ಯಾಲೊರಿ ಕಮ್ಮಿ ಇತ್ತು. ತೂಕ ಮರಳಿದರೂ ಆ ಜಿಪುಣತನ ಮಾತ್ರ ಹೋಗಿರಲಿಲ್ಲ.

ಹಸಿವಿನ ಕಡೆಯ ಕಥೆಯೂ ಹೀಗೇ. 2011ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನ ವೈದ್ಯರು 50 ಜನರಿಗೆ ಹತ್ತು ವಾರ ಕಟ್ಟುನಿಟ್ಟಿನ ಆಹಾರ ಕೊಟ್ಟು ತೂಕ ಇಳಿಸಿದರು. ವರ್ಷ ಕಳೆದ ಮೇಲೆ ರಕ್ತ ಪರೀಕ್ಷಿಸಿದರೆ, ಹೊಟ್ಟೆ ತುಂಬಿತು ಎನ್ನುವ ಲೆಪ್ಟಿನ್ ಹಾರ್ಮೋನು ಇನ್ನೂ ಕೆಳಗೇ ಇತ್ತು. ತಿನ್ನು ಎನ್ನುವ ಗ್ರೆಲಿನ್ ಇನ್ನೂ ಮೇಲೇ ಇತ್ತು. ಕೆವಿನ್ ಹಾಲ್ ತಂಡದ ಮತ್ತೊಂದು ಅಂದಾಜಿನ ಪ್ರಕಾರ ಇಳಿಸಿದ ಪ್ರತಿ ಕಿಲೋಗೆ ದೇಹದ ದಿನದ ಖರ್ಚು 20ರಿಂದ 30 ಕ್ಯಾಲೊರಿ ಕುಗ್ಗಿದರೆ, ಹಸಿವು ಸುಮಾರು 100 ಕ್ಯಾಲೊರಿಯಷ್ಟು ಹಿಗ್ಗುತ್ತದೆ. ಹತ್ತು ಕಿಲೋ ಇಳಿಸಿದವರು ಗುಣಿಸಿ ನೋಡಿಕೊಳ್ಳಲಿ. ಇಷ್ಟು ದೊಡ್ಡ ಎದುರಾಳಿಯನ್ನು ಬರೀ ಮನೋಬಲದಿಂದ ವರ್ಷಗಟ್ಟಲೆ ತಡೆಯಿರಿ ಎಂದು ಉಪದೇಶಿಸುವವರಿಗೆ ಮೊದಲು ಈ ಲೆಕ್ಕ ತೋರಿಸಬೇಕು.

ಕೊಬ್ಬಿನ ಕೋಶಗಳೂ ಅಷ್ಟು ಸುಲಭಕ್ಕೆ ಜಾಗ ಬಿಡುವವಲ್ಲ. ಶೀತಲ ಸಮರದ ಕಾಲದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ಕಾರ್ಬನ್-14 ಆಹಾರದ ಮೂಲಕ ಎಲ್ಲರ ಮೈಗೂ ಬಂದಿದೆ. ಅದರ ಗುರುತು ಹಿಡಿದು ಕೋಶಗಳ ವಯಸ್ಸು ಪತ್ತೆ ಮಾಡಿದ ಸ್ವೀಡನ್ ವಿಜ್ಞಾನಿಗಳು 2008ರಲ್ಲಿ ಒಂದು ಸಂಗತಿ ಹೇಳಿದರು: ದೊಡ್ಡವರಲ್ಲಿ ಕೊಬ್ಬಿನ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಸ್ಥಿರ. ವರ್ಷಕ್ಕೆ ಸುಮಾರು ಶೇ 10ರಷ್ಟು ಸತ್ತು ಅಷ್ಟೇ ಹೊಸದಾಗಿ ಹುಟ್ಟುತ್ತವೆ. ತೂಕ ಇಳಿದಾಗ ಅವು ಸೊರಗುತ್ತವೆಯೇ ಹೊರತು ಮಾಯವಾಗುವುದಿಲ್ಲ.

ಹಾಗಾದರೆ ಒಮ್ಮೆ ಮರಳಿ ಬಂದ ತೂಕವನ್ನು ಮತ್ತೆ ಇಳಿಸಲು ಹೊರಡುವುದು ವ್ಯರ್ಥವೇ? ಅಲ್ಲ ಎನ್ನಲು ಒಳ್ಳೆಯ ಆಧಾರವೇ ಇದೆ. ಅಮೆರಿಕದ ಸಿಯಾಟಲ್‌ನ ಫ್ರೆಡ್ ಹಚಿನ್ಸನ್ ಕೇಂದ್ರದಲ್ಲಿ ಮುಟ್ಟು ನಿಂತ, ತೂಕ ಹೆಚ್ಚಿದ್ದ 439 ಮಹಿಳೆಯರ ಮೇಲೆ ಅಧ್ಯಯನ ನಡೆದು 2012ರಲ್ಲಿ ಪ್ರಕಟವಾಯಿತು. ಅವರಲ್ಲಿ ಕೆಲವರು ಹಿಂದೆ ಮೂರು ಅಥವಾ ಹೆಚ್ಚು ಸಲ ಒಂಬತ್ತು ಕಿಲೋಗೂ ಮಿಕ್ಕಿ ಇಳಿಸಿ ಮತ್ತೆ ಏರಿದವರು. ಅವರಿಗೂ ಉಳಿದವರಿಗೂ ಒಂದೇ ಪಥ್ಯ, ಒಂದೇ ವ್ಯಾಯಾಮ. ವರ್ಷದ ಕೊನೆಗೆ ಇಳಿದ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಹಿಂದಿನ ಸೋಲು ಮುಂದಿನ ಪ್ರಯತ್ನಕ್ಕೆ ಅಡ್ಡಗಾಲು ಹಾಕಿರಲಿಲ್ಲ. ಕನಿಷ್ಠ 13.6 ಕಿಲೋ ಇಳಿಸಿ ಒಂದು ವರ್ಷವಾದರೂ ಉಳಿಸಿಕೊಂಡವರ ಪಟ್ಟಿಯೊಂದನ್ನು ರೀನಾ ವಿಂಗ್ ಮತ್ತು ಜೇಮ್ಸ್ ಹಿಲ್ 1994ರಿಂದ ಅಮೆರಿಕದಲ್ಲಿ ಇಟ್ಟುಕೊಂಡು ಬಂದಿದ್ದಾರೆ. ಅದರಲ್ಲಿ ಆರಂಭದಲ್ಲಿ ಹೆಸರು ಬರೆಸಿದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಅದಕ್ಕೂ ಮುಂಚೆ ಪ್ರಯತ್ನಪಟ್ಟು ಸೋತವರೇ.

ಅವರ ಕೈಹಿಡಿದ ಅಭ್ಯಾಸಗಳಲ್ಲಿ ಲೆಕ್ಕ ಇಡುವುದೂ ಒಂದು. ತಿನ್ನುವುದನ್ನು ಕ್ಯಾಲೊರಿಯಲ್ಲಿ ಎಣಿಸುವ ಚಟಕ್ಕೆ ನೂರು ದಾಟಿದೆ. ಕ್ಯಾಲಿಫೋರ್ನಿಯಾದ ವೈದ್ಯೆ ಲುಲು ಹಂಟ್ ಪೀಟರ್ಸ್ 1918ರಲ್ಲಿ ಬರೆದ ಪುಸ್ತಕ ಎಲ್ಲ ಆಹಾರವನ್ನೂ 100 ಕ್ಯಾಲೊರಿಯ ಪಾಲುಗಳಾಗಿ ಕತ್ತರಿಸಿಟ್ಟಿತ್ತು. ಸ್ವತಃ ದಪ್ಪಗಿದ್ದು ಸುಮಾರು 30 ಕಿಲೋ ಇಳಿಸಿದ್ದ ಆಕೆಯ ಪುಸ್ತಕ ಲಕ್ಷಗಟ್ಟಲೆ ಮಾರಾಟವಾಯಿತು.

ಎಣಿಕೆ ಯಾಕೆ ಬೇಕೆಂದರೆ ನಮ್ಮ ಅಂದಾಜು ಯಾವ ಕೆಲಸಕ್ಕೂ ಬಾರದ್ದು. ನ್ಯೂಯಾರ್ಕ್‌ನಲ್ಲಿ ಹತ್ತು ಮಂದಿ ‘ಏನೂ ತಿನ್ನುವುದಿಲ್ಲ, ಆದರೂ ಇಳಿಯುತ್ತಿಲ್ಲ’ ಎಂದು ದೂರುತ್ತಿದ್ದರು. ಅವರು ಬರೆದುಕೊಟ್ಟ ದಿನದ ಲೆಕ್ಕ ಸುಮಾರು 1,030 ಕ್ಯಾಲೊರಿ. ವಿಶೇಷ ನೀರು ಕುಡಿಸಿ ದೇಹದ ನಿಜವಾದ ಖರ್ಚನ್ನು ಅಳೆದು ನೋಡಿದಾಗ ಅವರು ತಿನ್ನುತ್ತಿದ್ದುದು 2,080ರ ಆಸುಪಾಸು. 1992ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಯಾರೂ ಮೋಸಗಾರರಲ್ಲ. ಬಾಯಿಗೆ ಹೋದದ್ದು ನೆನಪಿನಲ್ಲಿ ಉಳಿದಿರಲಿಲ್ಲ, ಅಷ್ಟೇ.

ನಮ್ಮ ಅಡುಗೆಮನೆಯಲ್ಲಿ ಈ ಮರೆವಿಗೆ ದಾರಿ ನೂರೆಂಟು. ಮೊಬೈಲಿನಲ್ಲಿ ‘ಉಪ್ಪಿಟ್ಟು, ಒಂದು ಬಟ್ಟಲು’ ಎಂದು ಒತ್ತಿದರೆ ಒಂದು ಅಂಕಿ ಬರುತ್ತದೆ. ಯಾರ ಮನೆಯ ಬಟ್ಟಲು? ಒಗ್ಗರಣೆಗೆ ಕ್ಯಾನಿನಿಂದ ನೇರ ಸುರಿದ ಎಣ್ಣೆ ಎಷ್ಟು? ಊಟದ ದೊಡ್ಡ ಚಮಚ ಒಂದು ಹೆಚ್ಚಾದರೆ ಅಲ್ಲೇ 120 ಕ್ಯಾಲೊರಿ, ಏಕೆಂದರೆ ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ. ಮೇಲೆ ಉದುರಿಸಿದ ಕಾಯಿತುರಿ, ಪಕ್ಕದ ಚಟ್ನಿ, ಬಾಣಲೆ ತೊಳೆಯುವ ಮುನ್ನ ಕೆರೆದು ತಿಂದದ್ದು, ಮಗು ಬಿಟ್ಟ ಅರ್ಧ ದೋಸೆ, ಇವಕ್ಕೆಲ್ಲ ಆ್ಯಪಿನಲ್ಲಿ ಜಾಗ ಸಿಗುವುದಿಲ್ಲ. ಎರಡು ಚಮಚ ಸಕ್ಕರೆಯ ಕಾಫಿ ದಿನಕ್ಕೆ ಮೂರಾದರೆ ಸಕ್ಕರೆಯದೇ 120. ಅಡುಗೆಮನೆಗೊಂದು ಪುಟ್ಟ ತಕ್ಕಡಿ ತಂದು ಒಂದು ವಾರ ಎಣ್ಣೆಯನ್ನು ಅಳೆದು ಹಾಕಿದರೆ ಕಣ್ಣು ತೆರೆಯುತ್ತದೆ. ಆ ಮೇಲೆ ಅಷ್ಟು ಕರಾರುವಾಕ್ಕು ಬೇಕಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ನಮ್ಮ ದೇಶದ 528 ಆಹಾರ ಪದಾರ್ಥಗಳನ್ನು ಪರೀಕ್ಷಿಸಿ 2017ರಲ್ಲಿ ಕೋಷ್ಟಕ ಹೊರತಂದಿತು. ಅದು ಕಾಳು, ಸೊಪ್ಪು, ತರಕಾರಿಗಳ ಲೆಕ್ಕ. ಬಿಸಿಬೇಳೆಬಾತು ಮನೆಯಿಂದ ಮನೆಗೆ ಬೇರೆ. ಆ ಕಂದಕ ತುಂಬಲು ಹುಟ್ಟಿದ ಆ್ಯಪ್‌ಗಳಲ್ಲಿ ಹೆಸರಾದ ಹೆಲ್ತಿಫೈಮಿ ಬೆಂಗಳೂರಿನದು. ಅದರ ಸ್ಥಾಪಕರಲ್ಲಿ ಒಬ್ಬರಾದ ತುಷಾರ್ ವಶಿಷ್ಠ್ ಅದಕ್ಕೂ ಮೊದಲು, 2011ರಲ್ಲಿ, ಗೆಳೆಯನ ಜೊತೆ ದಿನಕ್ಕೆ 100 ರೂಪಾಯಿ, ಆಮೇಲೆ 32 ರೂಪಾಯಿಯಲ್ಲಿ ಬದುಕಿ ನೋಡುವ ಪ್ರಯೋಗ ಮಾಡಿದ್ದರು. ಬಡತನದ ರೇಖೆ ತಟ್ಟೆಯ ಮೇಲೆ ಹೇಗೆ ಕಾಣುತ್ತದೆ ಎಂದು ತುತ್ತು ತುತ್ತನ್ನೂ ಲೆಕ್ಕ ಹಾಕಿದವರು ಮುಂದೆ ಬೊಜ್ಜಿನವರಿಗೆ ಲೆಕ್ಕ ಹಾಕಲು ಕಲಿಸಿದರು. ಒಂದೇ ಊರಿನಲ್ಲಿ ಎರಡೂ ಬೇಕಾಗಿರುವುದು ನಮ್ಮ ಕಾಲದ ವಿಪರ್ಯಾಸ.

ಅಂಕಿ ತಪ್ಪಿದರೂ ಬರೆಯುವ ಅಭ್ಯಾಸವೇ ಫಲ ಕೊಡುತ್ತದೆ. ಸುಮಾರು 1,700 ಅಮೆರಿಕನ್ನರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೆ ಆರು ದಿನವಾದರೂ ತಿಂದದ್ದನ್ನು ಬರೆದವರು, ಒಂದು ದಿನವೋ ಇಲ್ಲವೋ ಎಂಬಂತೆ ಬರೆದವರಿಗಿಂತ ಎರಡರಷ್ಟು ಇಳಿದಿದ್ದರು.

ಆದರೆ ಒಬ್ಬರೇ ಬರೆದುಕೊಂಡು ಎಷ್ಟು ದಿನ? ನ್ಯೂಯಾರ್ಕಿನ ಗೃಹಿಣಿ ಜೀನ್ ನೈಡೆಚ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಬಗೆಬಗೆಯ ಡಯಟ್ ಮಾಡಿ ಇಳಿದು, ಮತ್ತೆ ಏರಿ, 97 ಕಿಲೋ ಮುಟ್ಟಿದ್ದವರು. 1961ರಲ್ಲಿ ಅಂಗಡಿಯಲ್ಲಿ ಸಿಕ್ಕ ಪರಿಚಯದವರೊಬ್ಬರು ‘ಹೆರಿಗೆ ಯಾವಾಗ?’ ಎಂದು ಕೇಳಿಬಿಟ್ಟರು. ಆಕೆ ನಗರದ ಬೊಜ್ಜು ಚಿಕಿತ್ಸಾ ಕೇಂದ್ರಕ್ಕೆ ಸೇರಿದರು. ತೂಕ ಇಳಿಯುತ್ತಿತ್ತು, ಆದರೆ ರಾತ್ರಿ ಬಚ್ಚಲಮನೆಯ ಬಟ್ಟೆಬುಟ್ಟಿಯಲ್ಲಿ ಅಡಗಿಸಿಟ್ಟ ಚಾಕೊಲೇಟ್ ಬಿಸ್ಕತ್ತು ತಿನ್ನುವುದು ನಿಂತಿರಲಿಲ್ಲ. ವೈದ್ಯರಿಗೆ ಹೇಳಲು ನಾಚಿಕೆ. ಕೊನೆಗೆ ಆರು ಗೆಳತಿಯರನ್ನು ಮನೆಗೆ ಕರೆದು ಬಿಸ್ಕತ್ತಿನ ಗುಟ್ಟು ಹೇಳಿಕೊಂಡರು. ನೋಡಿದರೆ ಅವರ ಮನೆಗಳಲ್ಲೂ ಅಂಥದೇ ಗುಟ್ಟುಗಳು! ಆ ಕೂಟವೇ 1963ರಲ್ಲಿ ‘ವೇಟ್ ವಾಚರ್ಸ್’ ಕಂಪನಿಯಾಯಿತು. ಅದು ಮುಂದೆ ದೊಡ್ಡ ವ್ಯಾಪಾರವಾದದ್ದು ಬೇರೆ ಮಾತು. 64 ಕಿಲೋಗೆ ಇಳಿದ ನೈಡೆಚ್‌ಗೆ ದಾರಿ ತೋರಿಸಿದ್ದು ಹೊಸ ಪಥ್ಯವಲ್ಲ, ಪ್ರತಿ ವಾರ ಎದುರು ಕೂರುವ ಗೆಳತಿಯರು.

ರೀನಾ ವಿಂಗ್ ಇದನ್ನು ಪ್ರಯೋಗಕ್ಕೆ ಒಡ್ಡಿದರು. ಈಗಾಗಲೇ ಚೆನ್ನಾಗಿ ತೂಕ ಇಳಿಸಿದ್ದ 314 ಜನರನ್ನು ಮೂರು ಗುಂಪು ಮಾಡಿ, ಒಂದಕ್ಕೆ ಬರೀ ಮಾಹಿತಿ ಪತ್ರಿಕೆ ಕಳಿಸಿದರು; ಉಳಿದೆರಡಕ್ಕೆ, ಮುಖಾಮುಖಿಯಾಗಿಯೋ ಇಂಟರ್ನೆಟ್ ಮೂಲಕವೋ, ಹಸಿರು, ಹಳದಿ, ಕೆಂಪು ಎಂಬ ತೂಕದ ಗಡಿ ಹಾಕಿಕೊಟ್ಟರು. ಹಸಿರಿನಲ್ಲಿ ಉಳಿದವರಿಗೆ ಶಾಭಾಸ್, ಸಣ್ಣಪುಟ್ಟ ಉಡುಗೊರೆ. 2.3 ಕಿಲೋ ಏರಿದರೆ ಕೆಂಪು. ಆಗ ಬೈಗುಳವಿಲ್ಲ, ಹಳೆಯ ಡೈರಿ ತೆಗೆದು ಮತ್ತೆ ಇಳಿಸುವ ಕೆಲಸ, ಜೊತೆಗೊಬ್ಬ ಸಲಹೆಗಾರ. 18 ತಿಂಗಳ ನಂತರ, ಬರೀ ಪತ್ರಿಕೆ ತರಿಸಿಕೊಂಡವರಲ್ಲಿ ಶೇ 72ರಷ್ಟು ಮಂದಿ ಕೆಂಪು ಗಡಿ ದಾಟಿದ್ದರೆ, ಮುಖಾಮುಖಿ ಭೇಟಿಯವರಲ್ಲಿ ಹಾಗೆ ದಾಟಿದವರು ಶೇ 46. ಇಂಟರ್ನೆಟ್ ಮೂಲಕ ನೆರವು ಪಡೆದವರು ನಡುವೆ, ಶೇ 55. ಎದುರಿಗೆ ಮನುಷ್ಯರಿದ್ದರೆ ಅದರ ತೂಕವೇ ಬೇರೆ. ಆದರೂ ಹೆಚ್ಚುಕಮ್ಮಿ ಅರ್ಧದಷ್ಟು ಮಂದಿ ಜಾರಿದರು ಎಂಬುದನ್ನು ಮುಚ್ಚಿಡಬಾರದು.

ಹುರಿದುಂಬಿಸುವುದಕ್ಕೂ ಚುಚ್ಚುವುದಕ್ಕೂ ಅಜಗಜಾಂತರ. ಮದುವೆಮನೆಯಲ್ಲಿ ‘ಏನೇ, ಮತ್ತೆ ಊದ್ಕೊಂಡಿದೀಯಲ್ಲ, ಡಯಟ್ ಬಿಟ್ಯಾ?’ ಎನ್ನುವ ಚಿಕ್ಕಮ್ಮ ತಾನು ಕಾಳಜಿ ತೋರಿಸಿದೆ ಎಂದುಕೊಂಡಿರುತ್ತಾಳೆ. ಇಂಗ್ಲೆಂಡಿನಲ್ಲಿ 2,944 ವಯಸ್ಕರನ್ನು ನಾಲ್ಕು ವರ್ಷ ಗಮನಿಸಿದ ಅಧ್ಯಯನ 2014ರಲ್ಲಿ ಬಂತು: ತೂಕಕ್ಕಾಗಿ ಹೀಗಳಿಕೆ ಅನುಭವಿಸಿದವರು ಸರಾಸರಿ ಒಂದು ಕಿಲೋದಷ್ಟು ಏರಿದ್ದರು, ಅನುಭವಿಸದವರು 0.7 ಕಿಲೋ ಇಳಿದಿದ್ದರು.

ಈಗ ಸೆಮಾಗ್ಲುಟೈಡ್‌ನಂಥ ಇಂಜೆಕ್ಷನ್‌ಗಳು ನಮ್ಮ ದೇಶಕ್ಕೂ ಬಂದಿವೆ. ಹಸಿವನ್ನೇ ತಗ್ಗಿಸುವುದರಿಂದ ಅವು ಕೆಲಸ ಮಾಡುತ್ತವೆ. ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದದ್ದರ ಮೂರನೇ ಎರಡು ಪಾಲು ಮರಳಿತೆಂದು ಒಂದು ದೊಡ್ಡ ಪರೀಕ್ಷೆ ತೋರಿಸಿದೆ. ಎಂದರೆ ಮದ್ದಿನ ದಾರಿಯಲ್ಲಿ ಹೋದವರಿಗೂ ಈ ಲೆಕ್ಕ ತಪ್ಪಿದ್ದಲ್ಲ.

ಎರಡನೇ ಸುತ್ತಿಗೆ ಹೊರಟವರು ಹಳೆಯ ತೂಕವನ್ನೇ ಗುರಿ ಇಟ್ಟುಕೊಳ್ಳಬೇಕಿಲ್ಲ. ಶೇ 5ರಷ್ಟು ಇಳಿದರೂ ಸಕ್ಕರೆ, ರಕ್ತದೊತ್ತಡಕ್ಕೆ ಅನುಕೂಲ. ವಾರಕ್ಕೊಮ್ಮೆ, ಒಂದೇ ದಿನ ಬೆಳಿಗ್ಗೆ ತಿಂಡಿಗೆ ಮುಂಚೆ ತೂಕ ನೋಡಿ, ಅದನ್ನು ನಂಬಿಕೆಯ ಒಬ್ಬರಿಗೆ ತಿಳಿಸಿ. ತಿನ್ನುವುದರ ಬಗ್ಗೆ ಮನೋವ್ಯಾಧಿಯ ಮಟ್ಟದ ಆತಂಕ ಇದ್ದವರು ಕ್ಯಾಲೊರಿ ಎಣಿಕೆಯಿಂದ ದೂರವಿರುವುದೇ ಲೇಸು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುತ್ತಿರುವವರು ಊಟ ತಗ್ಗಿಸುವ ಮೊದಲು ವೈದ್ಯರನ್ನು ಕಾಣಲೇಬೇಕು. ತಿನ್ನುವುದು ಕಮ್ಮಿಯಾಗಿ ಔಷಧದ ಪ್ರಮಾಣ ಹಳೆಯದೇ ಉಳಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು.