ಸುಳ್ಳು ಗ್ರಿಡ್‌ಗೆ ನಿಜವಾದ ಇನ್ವರ್ಟರ್

2016ರ ಸೆಪ್ಟೆಂಬರ್ 28ರ ಸಂಜೆ ದಕ್ಷಿಣ ಆಸ್ಟ್ರೇಲಿಯಾ ರಾಜ್ಯಕ್ಕೆ ರಾಜ್ಯವೇ ಕತ್ತಲಲ್ಲಿ ಮುಳುಗಿತು. ಬಿರುಗಾಳಿಗೆ ಹೈಟೆನ್ಷನ್ ಟವರ್‌ಗಳು ಉರುಳಿದ್ದು ನಿಜ, ಆದರೆ ಅದೊಂದರಿಂದಲೇ ಎಲ್ಲ ಕಡೆ ಕರೆಂಟ್ ಹೋಗಬೇಕಿರಲಿಲ್ಲ. ಸುಮಾರು ಎರಡು ನಿಮಿಷದಲ್ಲಿ ಆರು ಸಲ ವೋಲ್ಟೇಜ್ ಕುಸಿಯಿತು. ಗಾಳಿಯಂತ್ರಗಳು ಮೊದಲ ಕೆಲವು ಹೊಡೆತ ತಾಳಿಕೊಂಡವು. ಆಮೇಲೆ ಏಳು ಸೆಕೆಂಡ್ ಕಳೆಯುವುದರೊಳಗೆ ಒಂಬತ್ತು ವಿಂಡ್ ಫಾರ್ಮ್‌ಗಳಿಂದ 456 ಮೆಗಾವಾಟ್ ಕೈತಪ್ಪಿತು. ಆ ಕೊರತೆಯ ಭಾರವೆಲ್ಲ ನೆರೆಯ ವಿಕ್ಟೋರಿಯಾ ರಾಜ್ಯದ ಕಡೆಯ ಲೈನಿನ ಮೇಲೆ ಬಿದ್ದು ಅದೂ ಟ್ರಿಪ್ ಆಯಿತು. ತನಿಖೆಯಲ್ಲಿ ಸಿಕ್ಕಿದ್ದು ಒಂದು ಸೆಟ್ಟಿಂಗ್: ಎರಡು ನಿಮಿಷದಲ್ಲಿ ಇಂತಿಷ್ಟು ಸಲಕ್ಕಿಂತ ಹೆಚ್ಚು ವೋಲ್ಟೇಜ್ ಬಿದ್ದರೆ ಹಿಂದೆ ಸರಿದುಬಿಡು ಎಂದು ಗಾಳಿಯಂತ್ರಗಳ ಕಂಟ್ರೋಲ್ ಸಾಫ್ಟ್‌ವೇರ್‌ನಲ್ಲಿ ಬರೆದಿತ್ತು. ಗ್ರಿಡ್ ನಡೆಸುವವರಿಗೆ ಅದು ಗೊತ್ತಿರಲಿಲ್ಲ. ಅವರ ಕಂಪ್ಯೂಟರ್ ಮಾದರಿಯಲ್ಲೂ ಅದು ಇರಲಿಲ್ಲ.

ಹಳೆಯ ಜನರೇಟರ್‌ನ ನಡತೆಯನ್ನು ಬಹುಪಾಲು ಅದರ ತೂಕ, ವೇಗ, ತಾಮ್ರದ ಸುರುಳಿಗಳೇ ತೀರ್ಮಾನಿಸುತ್ತವೆ. ಲೆಕ್ಕ ಹಾಕಿದರೆ ಮೊದಲೇ ತಿಳಿಯುತ್ತದೆ. ಆ ಗಾಳಿಯಂತ್ರಗಳಂತೆ, ಸೌರಫಲಕದ ಡಿಸಿಯನ್ನು ಎಸಿ ಮಾಡುವ ಇನ್ವರ್ಟರ್ ಕೂಡ ಹಾಗಲ್ಲ. ಅದರ ನಡತೆ ಪ್ರೋಗ್ರಾಂ ಬರೆದವನ ಮರ್ಜಿ, ಆ ಪ್ರೋಗ್ರಾಂ ಕಂಪನಿಯ ಗುಟ್ಟು.

ಮನೆ ಮನೆಯ ಚಾವಣಿಯೂ ಕರೆಂಟ್ ಹುಟ್ಟಿಸತೊಡಗಿದರೆ ಇಂಥ ಗುಟ್ಟುಗಳು ಒಂದೊಂದು ಟಿಸಿಯ (ಟ್ರಾನ್ಸ್‌ಫಾರ್ಮರ್) ಕೆಳಗೂ ಹತ್ತಾರು. ಕೆಲವು ಪರಿಣಾಮಗಳನ್ನು ಕಾಗದದ ಮೇಲೇ ಕಾಣಬಹುದು. ಟಿಸಿಯಿಂದ ಮನೆಯವರೆಗೆ ಹೋಗಿಬರುವ ತಂತಿಯ ರೋಧ ಅರ್ಧ ಓಮ್ ಎನ್ನಿ. ಮಧ್ಯಾಹ್ನ 230 ವೋಲ್ಟಿನಲ್ಲಿ 5 ಕಿಲೋವಾಟ್ ಹಿಂದಕ್ಕೆ ಹರಿದರೆ ಸುಮಾರು 22 ಆಂಪಿಯರ್, ಅಂದರೆ ಮನೆಯ ಬಳಿ ವೋಲ್ಟೇಜ್ 11 ವೋಲ್ಟಿನಷ್ಟು ಏರುತ್ತದೆ. ಆದರೆ ಮೂರು ಬೇರೆ ಬೇರೆ ಕಂಪನಿಗಳ ಇನ್ವರ್ಟರ್‌ಗಳು ಒಂದೇ ಲೈನಿನಲ್ಲಿದ್ದು, ವೋಲ್ಟೇಜ್ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಕುಸಿದರೆ ಯಾವುದು ತಾಳಿಕೊಳ್ಳುತ್ತದೆ, ಯಾವುದು ಕಳಚಿಕೊಳ್ಳುತ್ತದೆ? ಇನ್ವರ್ಟರ್ ಪೆಟ್ಟಿಗೆಯನ್ನೇ ತಂದು ಜೋಡಿಸಿ ನೋಡಬೇಕು.

ಹಾಗೆಂದು ಊರಿನ ಲೈನಿನಲ್ಲಿ ಶಾರ್ಟ್ ಸರ್ಕ್ಯೂಟ್ ಮಾಡಿ ನೋಡುವಂತಿಲ್ಲವಲ್ಲ. ಆದ್ದರಿಂದ ಪ್ರಯೋಗಾಲಯದಲ್ಲಿ ಗ್ರಿಡ್ ಮಾತ್ರ ಕಂಪ್ಯೂಟರಿನೊಳಗೆ, ಇನ್ವರ್ಟರ್ ಹೊರಗೆ ಮೇಜಿನ ಮೇಲೆ. ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಲ್ಲೂ ಇರುವ ರಿಯಲ್ ಟೈಮ್ ಡಿಜಿಟಲ್ ಸಿಮ್ಯುಲೇಟರ್ ಇಂಥ ಕೆಲಸದ್ದೇ ಯಂತ್ರ. ಸಾಮಾನ್ಯವಾಗಿ 50 ಮೈಕ್ರೋಸೆಕೆಂಡಿಗೊಮ್ಮೆ ಅದು ಜಾಲದ ಲೆಕ್ಕವನ್ನೆಲ್ಲ ಮುಗಿಸುತ್ತದೆ. ನಮ್ಮ ಕರೆಂಟಿನ ಒಂದು ಆವರ್ತ 20 ಮಿಲಿಸೆಕೆಂಡ್, ಅಷ್ಟರಲ್ಲಿ 400 ಸಲ. ಒಂದು ಸಲವೂ ತಡವಾಗುವಂತಿಲ್ಲ. ಲೆಕ್ಕದಲ್ಲಿ ಬಂದ ವೋಲ್ಟೇಜನ್ನು ಪವರ್ ಆಂಪ್ಲಿಫೈಯರ್ ನಿಜವಾದ ವೋಲ್ಟೇಜಾಗಿ ಇನ್ವರ್ಟರಿಗೆ ಕೊಡುತ್ತದೆ. ಇನ್ವರ್ಟರ್ ಹರಿಸಿದ ಕರೆಂಟನ್ನು ಅಳೆದು ಮತ್ತೆ ಲೆಕ್ಕದೊಳಕ್ಕೆ ಕಳಿಸುತ್ತಾರೆ. ಬಿಸಿಲಿಗೆ ಕಾಯಬೇಕಿಲ್ಲ, ಫಲಕದ ಪಾತ್ರ ವಹಿಸುವ ಡಿಸಿ ಸಪ್ಲೈ ಇರುತ್ತದೆ. ಆವರಿಸುವ ಮೋಡವನ್ನೂ ಅದೇ ತರುತ್ತದೆ.

ಇಂಥ ಪ್ರಯೋಗಾಲಯದ ವಿನ್ಯಾಸಕಾರನಿಗೆ ನಿದ್ದೆ ಕೆಡಿಸುವುದು ಈ ಸುತ್ತು. ಆಂಪ್ಲಿಫೈಯರ್, ಅಳತೆ, ಲೆಕ್ಕ ಎಲ್ಲವೂ ಒಂದಿಷ್ಟು ಕಾಲ ತಿನ್ನುತ್ತವೆ. ಮೈಕ್‌ನ ಮುಂದೆ ಸ್ಪೀಕರ್ ಇಟ್ಟಾಗ ಕಿವಿಗಡಚಿಕ್ಕುವ ಕೂಗೇಳುತ್ತದಲ್ಲ, ಹಾಗೆ ಈ ತಡದಿಂದಾಗಿ ಸುತ್ತೇ ಹದ ತಪ್ಪಿ ತೂಗಾಡಬಹುದು. ಹೊರಗಿನ ಗ್ರಿಡ್‌ನಲ್ಲಿ ಎಂದೂ ಆಗದ ಅವಾಂತರವನ್ನು ಪ್ರಯೋಗಾಲಯವೇ ಹುಟ್ಟಿಸಿ ಇನ್ವರ್ಟರ್ ಮೇಲೆ ತಪ್ಪು ಹೊರಿಸಬಹುದು. ಲೆಕ್ಕದೊಳಗಿನ ಜಾಲದ ಪ್ರತಿಬಾಧೆ (ಇಂಪೀಡೆನ್ಸ್) ಮೇಜಿನ ಮೇಲಿನ ಉಪಕರಣದ್ದಕ್ಕಿಂತ ಹೆಚ್ಚಾದಷ್ಟೂ ಈ ಅಪಾಯ ಹೆಚ್ಚು. ಅಂದರೆ ಉದ್ದದ, ಬಡಕಲು ಹಳ್ಳಿ ಲೈನು. ಪರೀಕ್ಷೆ ಎಲ್ಲಕ್ಕಿಂತ ಬೇಕಾಗಿರುವುದೂ ಅಲ್ಲಿಗೇ! ಹಾಗಾಗಿ ಸಿಮ್ಯುಲೇಟರಿಗೆ ಹಣವೆಲ್ಲ ಸುರಿದು ಅಗ್ಗದ, ನಿಧಾನದ ಆಂಪ್ಲಿಫೈಯರ್ ಕೊಳ್ಳುವುದು ದಡ್ಡತನ ಎಂದೇ ನನ್ನ ಅಭಿಪ್ರಾಯ. ಇನ್ವರ್ಟರ್ ಹಿಂದಕ್ಕೆ ತಳ್ಳುವ ಕರೆಂಟನ್ನು ನುಂಗಿಕೊಳ್ಳುವ ಶಕ್ತಿಯೂ ಆಂಪ್ಲಿಫೈಯರಿಗಿರಬೇಕು.

ಬಿಡಲೇಬಾರದ ಇನ್ನೊಂದು ಪರೀಕ್ಷೆಗೆ ಸಿಮ್ಯುಲೇಟರೇ ಬೇಡ. ಲೈನ್ ಆಫ್ ಮಾಡಿ ಲೈನ್‌ಮನ್ ಕಂಬ ಹತ್ತಿದ್ದಾನೆ, ಚಾವಣಿಯ ಇನ್ವರ್ಟರ್ ಮಾತ್ರ ಅದೇ ತಂತಿಗೆ ಕರೆಂಟ್ ತುಂಬುತ್ತಿದೆ. ಹೀಗಾಗದಂತೆ ಅದು 2 ಸೆಕೆಂಡಿನೊಳಗೆ ನಿಲ್ಲಬೇಕೆಂಬುದು ನಿಯಮ. ಪರೀಕ್ಷಿಸುವವರು ಬೇಕೆಂದೇ ಅದಕ್ಕೆ ಮೋಸ ಮಾಡುತ್ತಾರೆ: ರೋಧಕ, ಸುರುಳಿ, ಕೆಪ್ಯಾಸಿಟರ್‌ಗಳ ಲೋಡನ್ನು 50 ಹರ್ಟ್ಸ್‌ಗೆ ಅನುರಣಿಸುವಂತೆ ಹೊಂದಿಸಿ, ಅದು ಎಳೆಯುವ ವಿದ್ಯುತ್ತು ಇನ್ವರ್ಟರ್ ಕೊಡುವಷ್ಟೇ ಇರುವಂತೆ ನೋಡಿಕೊಂಡು, ಗ್ರಿಡ್‌ನ ಸ್ವಿಚ್ ತೆಗೆಯುತ್ತಾರೆ. ವೋಲ್ಟೇಜೂ ಆವರ್ತನವೂ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತವೆ. ಗ್ರಿಡ್ ಹೋಗಿದೆಯೆಂದು ಇನ್ವರ್ಟರ್ ಆಗಲೂ ಕಂಡುಹಿಡಿಯಬೇಕು.

ಒಂಟಿಯಾಗಿ ಪಾಸಾದ ಪೆಟ್ಟಿಗೆ ಗುಂಪಿನಲ್ಲಿ ಕೈಕೊಡಬಹುದು. ಜರ್ಮನಿಯಲ್ಲಿ ಆವರ್ತನ 50.2 ಹರ್ಟ್ಸ್ ಮುಟ್ಟಿದೊಡನೆ ಸೌರ ಇನ್ವರ್ಟರ್‌ಗಳು ಕಳಚಿಕೊಳ್ಳಬೇಕೆಂಬ ನಿಯಮವಿತ್ತು. ಬೆರಳೆಣಿಕೆಯಷ್ಟಿದ್ದಾಗ ಸರಿಯೇ. ಚಾವಣಿಗಳು ಲಕ್ಷಗಟ್ಟಲೆಯಾದ ಮೇಲೆ ಎಲ್ಲವೂ ಒಂದೇ ಗಳಿಗೆಯಲ್ಲಿ ಕಳಚಿಕೊಳ್ಳುವ ಭಯ ಹುಟ್ಟಿತು, 2012ರಲ್ಲಿ 3 ಲಕ್ಷಕ್ಕೂ ಹೆಚ್ಚು ಸ್ಥಾವರಗಳ ಸೆಟ್ಟಿಂಗ್ ಬದಲಿಸಲು ಆದೇಶವಾಯಿತು. ಪ್ರಯೋಗಾಲಯದಲ್ಲಿ ಒಂದು ಇನ್ವರ್ಟರಿನ ಕರೆಂಟನ್ನು ಲೆಕ್ಕದೊಳಗೆ ಸಾವಿರದಿಂದ ಗುಣಿಸಿ ಇಂಥ ಗುಂಪನ್ನು ಸೃಷ್ಟಿಸುತ್ತಾರೆ. ಇದರಲ್ಲೂ ಒಂದು ತೊಡಕು: ಗುಣಿಸಿದ ಸಾವಿರವೂ ಒಂದೇ ಅಚ್ಚಿನವು, ಬೀದಿಯಲ್ಲಿರುವವು ಹಾಗಿರುವುದಿಲ್ಲ. ಹಲವು ಕಂಪನಿಗಳ ಪೆಟ್ಟಿಗೆ ಕೊಂಡು, ಪ್ರತಿಯೊಂದರ ಸಾಫ್ಟ್‌ವೇರ್ ಆವೃತ್ತಿಯನ್ನು ಫಲಿತಾಂಶದ ಜೊತೆಗೇ ಬರೆದಿಡಬೇಕು. ಕಂಪನಿ ಅದನ್ನು ಅಪ್‌ಡೇಟ್ ಮಾಡಿದ ದಿನ ಹಳೆಯ ಫಲಿತಾಂಶ ರದ್ದು, ಪರೀಕ್ಷೆ ಮೊದಲಿನಿಂದ.