ಫಾಗ್ ಲೈಟಿಗೆ ಕಿಲುಬು ಹಿಡಿದಾಗ

ಹೊನ್ನಾವರದ ಹೆದ್ದಾರಿ ಬದಿಯ ಗ್ಯಾರೇಜು. ತಗಡಿನ ಮಾಡಿನ ಮೇಲೆ ಆಷಾಢದ ಮಳೆ ಧೋ ಎಂದು ಸುರಿಯುತ್ತಿದೆ. ಬಾನೆಟ್ ಎತ್ತಿ ನಿಂತ ಹಳೆಯ ಮಾರುತಿ 800ರ ಎರಡೂ ಫಾಗ್ ಲೈಟುಗಳು ಮಿಣಿಮಿಣಿ. ಕಾರಿನವರು ಈ ರಾತ್ರಿಯೇ ಗೇರುಸೊಪ್ಪೆ ದಾಟಿ, ಘಟ್ಟ ಹತ್ತಿ ಸಾಗರ ಸೇರಬೇಕು. ಮಾವಿನಗುಂಡಿಯ ಹತ್ತಿರ ಮಂಜು ಮುಸುಕಿದರೆ ಹೆಡ್‌ಲೈಟಿನ ಬೆಳಕು ಸುಣ್ಣದ ಗೋಡೆಗೆ ಬಿದ್ದಂತೆ ಕಣ್ಣಿಗೇ ವಾಪಸು ಬರುತ್ತದೆ. ಆಗ ರಸ್ತೆಯಂಚು ತೋರಿಸುವುದು ಬಂಪರಿನ ಕೆಳಗಿಂದ ಅಗಲಕ್ಕೆ ಹರಡುವ ಈ ದೀಪಗಳೇ.

"ಬಲ್ಬ್ ಬದಲಿಸಿಬಿಡಿ ಮಾರಾಯ್ರೆ."

"ತಡೀರಿ, ಎರಡೂ ಬಲ್ಬು ಒಟ್ಟಿಗೇ ಮಂಕಾಗೂದಿಲ್ಲ."

ಸ್ವಿಚ್ ಒತ್ತಿದರೆ ರಿಲೇ ಟಿಕ್ ಎನ್ನುತ್ತದೆ. ಫ್ಯೂಸ್ ಸರಿಯಿದೆ. 55 ವ್ಯಾಟಿನ ಎರಡು ಬಲ್ಬುಗಳು 12 ವೋಲ್ಟಿನಲ್ಲಿ ಒಂಬತ್ತು ಆಂಪಿಯರ್ ಎಳೆಯುತ್ತವೆ. ದಾರಿಯಲ್ಲಿ ಸಣ್ಣ ತಡೆಯಿದ್ದರೂ ಬೆಳಕು ಸೋರಿಹೋಗುತ್ತದೆ. ಲೈಟು ಉರಿಯುತ್ತಿರುವಾಗಲೇ ಮಿಸ್ತ್ರಿ ಮೀಟರಿನ ಒಂದು ಕಡ್ಡಿಯನ್ನು ದೀಪದ ಅರ್ಥ್ ವೈರಿಗೆ, ಇನ್ನೊಂದನ್ನು ಬ್ಯಾಟರಿಯ ಮೈನಸ್ಸಿಗೆ ಹಿಡಿಯುತ್ತಾನೆ. ಸೊನ್ನೆಯ ಆಸುಪಾಸು ಇರಬೇಕಾದದ್ದು 3 ವೋಲ್ಟ್ ತೋರಿಸುತ್ತದೆ. ಅಂದರೆ 12ರಲ್ಲಿ 3 ವೋಲ್ಟ್ ಅರ್ಥ್ ದಾರಿಯಲ್ಲೇ ಪೋಲು. ವೋಲ್ಟೇಜು ಹೀಗೆ ಕಾಲು ಭಾಗ ಇಳಿದರೆ ಬೆಳಕು ಅರ್ಧಕ್ಕಿಂತ ಕೆಳಗಿಳಿಯುತ್ತದೆ.

ರೇಡಿಯೇಟರ್ ಪಕ್ಕದ ಅರ್ಥ್ ಬೋಲ್ಟು ಬಿಚ್ಚಿದಾಗ ಕಾರಣ ಕೈಗೇ ಸಿಗುತ್ತದೆ. ವೈರಿನ ತುದಿಯ ಲಗ್ಗಿನ ಸುತ್ತ ಹಸಿರು ಕಿಲುಬು. ಅದರಡಿ ಬಾಡಿಯ ತಗಡಿಗೆ ತುಕ್ಕು. ಪ್ಲಾಸ್ಟಿಕ್ ಸೀಳಿದರೆ ಒಳಗೆ ಬೆರಳುದ್ದ ತಾಮ್ರ ಕಪ್ಪಾಗಿದೆ. ಕಡಲ ಉಪ್ಪುಗಾಳಿ, ಮಳೆಯ ತೇವ ಸೇರಿ ವರ್ಷಗಟ್ಟಲೆ ಮಾಡಿದ ಕೆಲಸ. ಕಪ್ಪು ತಂತಿ ಕತ್ತರಿಸಿ, ತಾಮ್ರ ಹೊಳೆಯುವಲ್ಲಿಂದ ಹೊಸ ಲಗ್ ಒತ್ತುತ್ತಾನೆ. ತಗಡು ಬೆಳ್ಳಗಾಗುವಷ್ಟು ಸ್ಯಾಂಡ್ ಪೇಪರ್ ಉಜ್ಜಿ, ಬೋಲ್ಟು ಬಿಗಿದು, ಮೇಲೆ ಗ್ರೀಸ್ ಬಳಿಯುತ್ತಾನೆ. ಸ್ವಿಚ್ ಒತ್ತಿದೊಡನೆ ಎದುರಿನ ಒದ್ದೆ ರಸ್ತೆ ಹಳದಿಯಾಗುತ್ತದೆ.

ಬಲ್ಬು, ರಿಲೇ, ಸ್ವಿಚ್ಚು ಎಂದು ಒಂದೊಂದಾಗಿ ದುಡ್ಡು ಸುರಿಯುವ ಮುನ್ನ ಕರಾವಳಿಯ ಹಳೆ ಕಾರಿನವರು ಮೊದಲು ನೋಡಬೇಕಾದದ್ದು ಅರ್ಥ್. ಮುಂಗಾರಿಗೆ ಮೊದಲೇ ಅದನ್ನು ಬಿಚ್ಚಿ ಉಜ್ಜಿಸಿಕೊಳ್ಳಿ. ಘಟ್ಟದ ತಿರುವಿನಲ್ಲಿ ನಿಮ್ಮದಷ್ಟೇ ಅಲ್ಲ, ಎದುರಿನಿಂದ ಬರುವವರ ಜೀವವೂ ಆ ಒಂದು ಬೋಲ್ಟನ್ನು ನಂಬಿಕೊಂಡಿರುತ್ತದೆ.